ಕುದುರೆಯ ಗೊರಸು ನೋವಿಗೆ ‘ಇಡೀ ಮೈ’ ಪ್ಯಾಕೇಜ್: ಯಾವುದಕ್ಕೆ ದುಡ್ಡು ಕೊಡಬಹುದು, ಯಾವುದಕ್ಕೆ ಬೇಡ

ಯಲಹಂಕ, ಹೆಸರಘಟ್ಟ, ದೇವನಹಳ್ಳಿ, ಸರ್ಜಾಪುರ ಕಡೆಯ ಲಾಯಗಳಿಗೆ ವ್ಯಾನಿನಲ್ಲಿ ಬರುವ ಸೇವೆ ಇದು. ಕುದುರೆ ಕುಂಟಿತು ಅಂದರೆ ಡಾಕ್ಟರಿಗೊಂದು ಫೋನು, ಲಾಳ ಕಟ್ಟುವವರಿಗೊಂದು ಫೋನು, ಮಸಾಜಿನವರಿಗೆ ಇನ್ನೊಂದು ಅಂತ ಪರದಾಡುವ ಬದಲು ಮೂವರೂ ಒಟ್ಟಿಗೇ ಬರುತ್ತಾರೆ. ಜೊತೆಗೆ ಮೇವಿನ ಪಟ್ಟಿಯನ್ನೂ ಬರೆದುಕೊಡುತ್ತಾರೆ. ಹನ್ನೆರಡು ವಾರ, ಮೂರು ಭೇಟಿ, ಒಂದೇ ಬಿಲ್ಲು. ‘ಗೊರಸಿನ ನೋವಿಗೆ ಇಡೀ ಮೈಯ ಚಿಕಿತ್ಸೆ’ ಅನ್ನುವುದು ಅವರ ಮಾತು. ಮಾತು ಸರಿಯೇ. ಆದರೆ ಆ ಇಡೀ ಮೈಯಲ್ಲಿ ಎಲ್ಲಿಂದ ಶುರು ಮಾಡುತ್ತಾರೆ ಅನ್ನುವುದನ್ನು ನೋಡಬೇಕು. ಎರಡು ಕುದುರೆಗಳ ಮೇಲೆ ಮೂರೂ ಭೇಟಿಯ ಕೆಲಸ ನೋಡಿ ಬರೆದ ವಿಮರ್ಶೆ ಇದು. ಸೇವೆಯ ಹೆಸರನ್ನು ಬೇಕಂತಲೇ ಹಾಕಿಲ್ಲ. ಇದೇ ತರಹದ ಬೇರೆ ಯಾವ ಪ್ಯಾಕೇಜನ್ನು ಅಳೆಯುವುದಕ್ಕೂ ಇಲ್ಲಿನ ಲೆಕ್ಕ ಸಾಕು.

ಮೊದಲೇ ಹೇಳಿಬಿಡುವುದಾದರೆ, ಎಕ್ಸ್‌ರೇ ನೋಡಿ ಗೊರಸು ಕತ್ತರಿಸುವ ಭಾಗವೂ ಮೇವನ್ನು ತೂಕಕ್ಕೆ ಹಾಕುವ ಭಾಗವೂ ಕೊಟ್ಟ ದುಡ್ಡಿಗೆ ಮೋಸವಿಲ್ಲ. ಮಸಾಜು ಪರವಾಗಿಲ್ಲ, ಸರಿಯಾದ ಹೊತ್ತಿಗೆ ಮಾಡಿದರೆ. ಕೊನೆಗೆ ಕೈಗಿಡುವ ಟಾನಿಕ್ ಡಬ್ಬಿಗಳು ಬೇಡ. ಮಳೆಗಾಲದ ಫಾಲೋಅಪ್ ಸಾಲದು.

ಎರಡು ಕುದುರೆಗಳು ಬೆಂಗಳೂರಿನ ಎರಡು ಮಾಮೂಲಿ ಕಾಯಿಲೆಗಳ ಮಾದರಿ. ಒಂದು, ರೇಸಿನಿಂದ ನಿವೃತ್ತಿಯಾಗಿ ರೈಡಿಂಗ್ ಶಾಲೆಗೆ ಬಂದ ಥರೋಬ್ರೆಡ್ ಗಂಡು, ಹಿಡ ಮಾಡಿದ್ದು. ಗೊರಸಿನ ಮುಂಭಾಗ ಉದ್ದ, ಹಿಮ್ಮಡಿ ನೆಲಕ್ಕೆ ಮಲಗಿದ ಹಾಗೆ ತಗ್ಗು, ಅಂಗಾಲು ತೆಳು. ಓಡುವ ದಿನಗಳಲ್ಲಿ ಹಗುರ ಅಲ್ಯುಮಿನಿಯಂ ಲಾಳ, ಮೇಲಿಂದ ಮೇಲೆ ಮೊಳೆ. ಗೊರಸಿನ ಗೋಡೆ ಜರಡಿಯಾಗಿರುತ್ತದೆ. ಎರಡನೆಯದು ಮಾರ್ವಾಡಿ ತಳಿಯ ಹೆಣ್ಣು ಕುದುರೆ. ಕೆಲಸ ಕಡಿಮೆ, ಪ್ರೀತಿ ಜಾಸ್ತಿ, ಬೆಲ್ಲ ಇನ್ನೂ ಜಾಸ್ತಿ. ಕತ್ತಿನ ಮೇಲೆ ಕೇಸರದಡಿ ಗಟ್ಟಿ ಕೊಬ್ಬಿನ ದಿಂಡು, ಬಾಲದ ಬುಡದಲ್ಲಿ ಕೊಬ್ಬಿನ ಗಂಟು. ಇಂಥ ಮೈಕಟ್ಟು ಕಂಡರೆ ಕಾಲು ನೋಡುವ ಮುಂಚೆಯೇ ಲ್ಯಾಮಿನೈಟಿಸ್ ಅನುಮಾನ ಬರಬೇಕು. ಗೊರಸಿನ ಗೋಡೆಯನ್ನು ಒಳಗಿನ ಕಾಫಿನ್ ಮೂಳೆಗೆ ಹಿಡಿದಿಡುವ ಪದರಗಳು ಸಡಿಲಾಗುವ ರೋಗ ಅದು. ಕಾರಣ ಬಹಳ ಸಲ ಕಾಲಲ್ಲಿ ಇರುವುದಿಲ್ಲ. ರಕ್ತದಲ್ಲಿ ಇನ್ಸುಲಿನ್ ಏರಿರುತ್ತದೆ. ಹಾಗಾಗಿ ‘ಇಡೀ ಮೈ’ ಅನ್ನುವ ಮಾತಿಗೆ ಇಲ್ಲಿ ನಿಜವಾಗಿಯೂ ಅರ್ಥವಿದೆ.

ಮೊದಲ ಭೇಟಿ ಶುರುವಾದ ರೀತಿ ಇಷ್ಟವಾಯಿತು. ವ್ಯಾನಿನಿಂದ ಸಾಮಾನು ಇಳಿಸುವ ಮುಂಚೆ ಡಾಕ್ಟರು ಹತ್ತು ನಿಮಿಷ ಸುಮ್ಮನೆ ನಿಂತು ನೋಡಿದರು. ಥರೋಬ್ರೆಡ್ ಮುಂಗಾಲುಗಳನ್ನು ಒಂದಾದ ಮೇಲೊಂದು ಮುಂದೆ ಚಾಚುತ್ತಿತ್ತು. ಹಿಮ್ಮಡಿಯ ಮೇಲಿನ ಭಾರ ಇಳಿಸಿಕೊಳ್ಳುವ ಉಪಾಯ ಅದು. ಮಾರ್ವಾಡಿ ಹಿಂಗಾಲನ್ನು ಹೊಟ್ಟೆಯಡಿಗೆ ತಂದು, ಮುಂಗಾಲು ಮುಂದಿಟ್ಟು, ಒಣಗಿದ ಕೊಟ್ಟಿಗೆ ಬಾಗಿಲ ಹಾಗೆ ಬಿಗಿದು ನಿಂತಿತ್ತು. ಕುದುರೆ ನೋಡಿಕೊಳ್ಳುವ ಲಾಯದ ಸೈಸ್ ಹೇಳಿದ: “ಡಾಕ್ಟ್ರೇ, ಇದು ಭುಜದ ನೋವು ಅಂತ ಹದಿನೈದು ದಿನದಿಂದ ಎಣ್ಣೆ ಉಜ್ಜಿಸ್ತಾ ಇದಾರೆ.” “ಭುಜಾನೂ ನೋಡೋಣ ಅಣ್ಣ, ಮೊದಲು ಕಾಲೆತ್ತಿ,” ಅಂದರು. ಇಡೀ ಮೈಯ ಚಿಕಿತ್ಸೆ ಅನ್ನುವವರು ಈ ಎರಡನೇ ವಾಕ್ಯ ಹೇಳದಿದ್ದರೆ ಅಲ್ಲೇ ವಾಪಸ್ ಕಳಿಸಿ.

ಆಮೇಲಿನ ಕ್ರಮ ಹೀಗಿತ್ತು. ಗೊರಸಿನ ಮೇಲಿರುವ ಫೆಟ್‌ಲಾಕ್ ಕೀಲಿನ ಹಿಂಬದಿಯಲ್ಲಿ ಎರಡೂ ಪಕ್ಕ ಬೆರಳಿಟ್ಟು ನಾಡಿ. ಆರೋಗ್ಯವಾದ ಕಾಲಲ್ಲಿ ಅದು ಸಿಗುವುದೇ ಕಷ್ಟ. ಗೊರಸೊಳಗೆ ಉರಿ ಇದ್ದರೆ ಬೆರಳಿಗೆ ಬಡಿಯುತ್ತದೆ. ಒಂದೇ ಕಾಲಲ್ಲಿ ಬಡಿದರೆ ಕೀವು ಅಥವಾ ಮೊಳೆ ಚುಚ್ಚಿದ ಅನುಮಾನ, ಎರಡೂ ಮುಂಗಾಲಲ್ಲಿ ಬಡಿದರೆ ಲ್ಯಾಮಿನೈಟಿಸ್ ಅನುಮಾನ. ಮಾರ್ವಾಡಿಯದು ಎರಡರಲ್ಲೂ ಬಡಿಯಿತು. ನಂತರ ಗಟ್ಟಿ ನೆಲದ ಮೇಲೆ ನಡಿಗೆ. ಥರೋಬ್ರೆಡ್‌ಗೆ ಮಾತ್ರ ಟ್ರಾಟ್, ಅಂದರೆ ಕುಲುಕು ಓಟ, ಗಟ್ಟಿ ನೆಲದ ಮೇಲೊಮ್ಮೆ, ಮರಳಿನ ಮೇಲೊಮ್ಮೆ. ನೋವಿಲ್ಲದ ಕಾಲು ನೆಲ ಮುಟ್ಟುವಾಗ ತಲೆ ಕೆಳಗೆ ಹೋಗುತ್ತದೆ, ನೋವಿನ ಕಾಲಿಗೆ ಮೇಲೇಳುತ್ತದೆ. ಎರಡೂ ಮುಂಗಾಲು ಸಮ ನೋವಿದ್ದರೆ ತಲೆ ಆಡುವುದೇ ಇಲ್ಲ, ಹೆಜ್ಜೆ ಗಿಡ್ಡವಾಗುತ್ತದೆ ಅಷ್ಟೇ. ‘ಸೋಮಾರಿ ಕುದುರೆ’ ಅನ್ನಿಸಿಕೊಂಡು ಚಾಟಿ ತಿನ್ನುವವು ಇವೇ. ಗಟ್ಟಿ ನೆಲದಲ್ಲಿ ಸಣ್ಣ ಸುತ್ತು ತಿರುಗಿಸಿದರೆ ಒಳಗಿನ ಕಾಲು ತಪ್ಪೊಪ್ಪಿಕೊಳ್ಳುತ್ತದೆ. ಮಾರ್ವಾಡಿಯನ್ನು ಟ್ರಾಟ್ ಮಾಡಿಸಲಿಲ್ಲ, ಸರಿಯಾಗಿಯೇ ಮಾಡಿದರು. ‘ನಡೆಸಿದರೆ ಕಾಲು ಬಿಸಿಯಾಗಿ ಸಡಿಲವಾಗುತ್ತೆ’ ಅನ್ನುವ ಹಳೇ ಮಾತು ಲ್ಯಾಮಿನೈಟಿಸ್ ಕುದುರೆಗೆ ಶತ್ರು. ಪ್ರತಿ ಹೆಜ್ಜೆಗೂ ಸಡಿಲಾದ ಪದರ ಇನ್ನಷ್ಟು ಹರಿಯುತ್ತದೆ.

ಪರೀಕ್ಷೆಯ ಇಕ್ಕಳದಿಂದ ಗೊರಸನ್ನು ಅಂಗುಲ ಅಂಗುಲ ಒತ್ತಿದರು. ಥರೋಬ್ರೆಡ್ ಹಿಮ್ಮಡಿ ಭಾಗಕ್ಕೂ ಅಂಗಾಲಿನ ಮುಂಭಾಗಕ್ಕೂ ಕಾಲೆಳೆದುಕೊಂಡಿತು. ಹಿಮ್ಮಡಿ ಖಚಿತ ಮಾಡಿಕೊಳ್ಳಲು ಒಂದು ಕಾಲಿನಲ್ಲಿ ಮಾತ್ರ ಪಾದದ ಹಿಂಭಾಗದ ನರಗಳಿಗೆ ಎರಡೂ ಪಕ್ಕ ಒಂದೂವರೆಯಿಂದ ಎರಡು ಮಿಲಿ ಮರಗಟ್ಟಿಸುವ ಇಂಜೆಕ್ಷನ್. ಹತ್ತು ನಿಮಿಷ ಕಾದು ಮತ್ತೆ ಟ್ರಾಟ್. ಕುಂಟು ಈ ಕಾಲಿನಿಂದ ಆ ಕಾಲಿಗೆ ಬದಲಾಯಿತು. ಎರಡೂ ಕಾಲಲ್ಲಿ ನೋವಿದೆ ಅಂತ ಸಾಬೀತು. ಕೆಲವು ಕಡೆ ಈ ಹೆಜ್ಜೆ ಬಿಟ್ಟು ನೇರ ಎಕ್ಸ್‌ರೇಗೆ ಹೋಗುತ್ತಾರೆ. ಹಾಗೆ ಮಾಡಿದರೆ ಎಕ್ಸ್‌ರೇಯಲ್ಲಿ ಕಂಡ ಯಾವುದೋ ಹಳೇ ಗುರುತಿಗೆ ಚಿಕಿತ್ಸೆ ನಡೆಯುತ್ತದೆ, ನೋವು ಇದ್ದಲ್ಲೇ ಇರುತ್ತದೆ.

ಎಕ್ಸ್‌ರೇ ವಿಷಯಕ್ಕೆ ಸ್ವಲ್ಪ ನಿಲ್ಲಬೇಕು, ಈ ಪ್ಯಾಕೇಜಿನ ತಿರುಳು ಇಲ್ಲಿದೆ. ಹಿಡಿದು ತರುವ ಡಿಜಿಟಲ್ ಯಂತ್ರ. ಎರಡೂ ಮುಂಗಾಲು ಒಂದೇ ಎತ್ತರದ ಮರದ ದಿಮ್ಮಿಗಳ ಮೇಲೆ ಇರಬೇಕು. ಒಂದೇ ಕಾಲು ದಿಮ್ಮಿಯ ಮೇಲಿಟ್ಟು ತೆಗೆದ ಚಿತ್ರದಲ್ಲಿ ಭಾರ ವಾಲಿ ಕೋನಗಳು ಸುಳ್ಳು ಹೇಳುತ್ತವೆ. ಗೊರಸಿನ ಮುಂಗೋಡೆಯ ಮೇಲೆ, ಕೂದಲು ಮುಗಿಯುವ ಗೆರೆಯಿಂದ ಕೆಳಕ್ಕೆ, ತೆಳು ತಂತಿ ಅಂಟಿಸಬೇಕು. ಅಂಗಾಲಿನ ತ್ರಿಕೋನ ಮೆತ್ತೆಯ, ಅಂದರೆ ಫ್ರಾಗ್‌ನ, ನಿಜವಾದ ತುದಿಗೆ ಒಂದು ಸಣ್ಣ ಪಿನ್ನು. ಇವೆರಡೂ ಇಲ್ಲದ ಎಕ್ಸ್‌ರೇ ಡಾಕ್ಟರಿಗೆ ಸಾಕಾಗಬಹುದು, ಅರ ಹಿಡಿದವರಿಗೆ ಎಲ್ಲಿ ಎಷ್ಟು ತೆಗೆಯಬೇಕು ಅಂತ ಗೊತ್ತಾಗುವುದಿಲ್ಲ. ಇವರು ತಂತಿ ಅಂಟಿಸಿದರು. ಪಿನ್ನು ಮರೆತರು. ಲಾಳದವರೇ ನೆನಪಿಸಿ ಎರಡನೇ ಸಲ ತೆಗೆಸಿದರು, ಶಹಬ್ಬಾಸ್.

ಥರೋಬ್ರೆಡ್‌ನ ಅಂಗಾಲಿನ ದಪ್ಪ 8 ಮಿಲಿಮೀಟರ್. 15 ಇದ್ದರೆ ನೆಮ್ಮದಿ, 10ಕ್ಕಿಂತ ಕೆಳಗೆ ಅಂದರೆ ಜಲ್ಲಿಕಲ್ಲಿನ ಮೇಲೆ ಬರಿಗಾಲು. ಕಾಫಿನ್ ಮೂಳೆಯ ತಳ ಹಿಂದಕ್ಕೆ ವಾಲಿತ್ತು. ನೆಲಕ್ಕೆ ಹೋಲಿಸಿದರೆ ಆ ಮೂಳೆಯ ಹಿಂಭಾಗ ಮೂರರಿಂದ ಐದು ಡಿಗ್ರಿಯಷ್ಟು ಮೇಲಿರಬೇಕು. ಇಲ್ಲಿ ಸೊನ್ನೆಗಿಂತಲೂ ಕೆಳಗೆ. ಇಂಥ ಕಾಲಲ್ಲಿ ಉದ್ದದ ಮುಂಭಾಗ ಸನ್ನೆಗೋಲಿನ ಹಾಗೆ ಕೆಲಸ ಮಾಡುತ್ತದೆ. ಪ್ರತಿ ಹೆಜ್ಜೆಯಲ್ಲಿ ಗೊರಸು ನೆಲ ಬಿಡುವಾಗ ಹಿಂಬದಿಯ ಆಳದ ಸ್ನಾಯುರಜ್ಜು ಎಳೆಯುತ್ತದೆ, ಅದರಡಿಯ ನ್ಯಾವಿಕ್ಯುಲರ್ ಮೂಳೆಯ ಮೇಲೆ ಒತ್ತಡ ಬೀಳುತ್ತದೆ. ಆ ನೋವು ತಪ್ಪಿಸಲು ಕುದುರೆ ಮುಂಭಾಗ ಮೊದಲು ಇಟ್ಟು ನಡೆಯುತ್ತದೆ, ಹಿಮ್ಮಡಿಗೆ ಕೆಲಸವಿಲ್ಲದೆ ಇನ್ನಷ್ಟು ಬಡವಾಗುತ್ತದೆ.

ಲಾಳದವರ ಕೈ ನೋಡುವಂತಿತ್ತು. ಹಳೇ ಲಾಳ ಕೀಳುವಾಗ ಮೊಳೆಗಳನ್ನು ಒಂದೊಂದೇ ಎಳೆದರು. ಇಕ್ಕಳ ಹಾಕಿ ಪೂರ್ತಿ ಲಾಳವನ್ನು ತಿರುಚಿದರೆ ತೆಳು ಗೋಡೆ ಚೂರಾಗಿ ಬರುತ್ತದೆ. ಚಾಕು ಅಂಗಾಲನ್ನು ಮುಟ್ಟಲೇ ಇಲ್ಲ. ಬೆಂಗಳೂರಿನಲ್ಲಿ ಅಂಗಾಲು ಬೆಳ್ಳಗೆ ಹೊಳೆಯುವ ತನಕ ಹೆರೆಯುವ ಚಾಳಿ ಇನ್ನೂ ಇದೆ. ನೋಡಲು ಚೆಂದ, ಆದರೆ 8 ಮಿಲಿಮೀಟರಿನಲ್ಲಿ ಎರಡು ಹೋದರೆ ಕಾಲು ಭಾಗವೇ ಹೋಯಿತು. ಹಿಮ್ಮಡಿಯನ್ನು ಫ್ರಾಗ್‌ನ ಅತಿ ಅಗಲದ ಗೆರೆಯ ಹತ್ತಿರಕ್ಕೆ ತಂದರು, ಆದರೆ ಒಂದೇ ಸಲಕ್ಕಲ್ಲ. ಮುಂಭಾಗವನ್ನು ತಳದಿಂದ ಕತ್ತರಿಸದೆ ಮುಂದಿನಿಂದ ಅರದಲ್ಲಿ ಹಿಂದಕ್ಕೆ ತಂದು, ಗೊರಸು ನೆಲ ಬಿಡುವ ಬಿಂದು ಫ್ರಾಗ್ ತುದಿಯಿಂದ ಸುಮಾರು ಮೂರೂವರೆ ಸೆಂಟಿಮೀಟರ್ ಮುಂದೆ ನಿಲ್ಲುವಂತೆ ಮಾಡಿದರು. ಮತ್ತೆ ಎಕ್ಸ್‌ರೇ. ಕತ್ತರಿಸಿದ ಮೇಲಿನ ಈ ಎರಡನೇ ಎಕ್ಸ್‌ರೇ ಪ್ಯಾಕೇಜಿನಲ್ಲಿ ಸೇರಿದೆಯೇ ಅಂತ ಮೊದಲೇ ಕೇಳಿ. ಇಲ್ಲದಿದ್ದರೆ ಮೊದಲನೆಯದರ ಅರ್ಧ ಬೆಲೆ ನೀರುಪಾಲು.

ತಪ್ಪಿದ್ದು ಇಲ್ಲೊಂದು ಕಡೆ. ಮೂಳೆಯ ವಾಲು ಸರಿಮಾಡಲು ಹಿಮ್ಮಡಿಯಡಿ ಬೆಣೆಯಾಕಾರದ ಪ್ಯಾಡ್ ಹಾಕಿದರು. ಚಿತ್ರದಲ್ಲಿ ಕೋನ ಕೂಡಲೇ ಚೆನ್ನಾಗಿ ಕಂಡಿತು, ಕುದುರೆಯೂ ಮರುದಿನ ಸಲೀಸಾಗಿ ನಡೆಯಿತು. ಆದರೆ ಫ್ರಾಗ್‌ಗೆ ಆಧಾರ ಕೊಡದ ಬೆಣೆ ಪೂರ್ತಿ ಭಾರವನ್ನು ಮೊದಲೇ ಕುಸಿದ ಹಿಮ್ಮಡಿಯ ಮೇಲೆ ಹೊರಿಸುತ್ತದೆ. ಆರನೇ ವಾರಕ್ಕೆ ಹಿಮ್ಮಡಿಯ ಗೋಡೆಯೊಳಗಿನ ಕೊಳವೆಯಂಥ ಎಳೆಗಳು ಇನ್ನಷ್ಟು ಮಡಚಿದ್ದವು. ಎರಡನೇ ಭೇಟಿಯಲ್ಲಿ ಬೆಣೆ ತೆಗೆದು, ಗೊರಸಿನ ಹಿಂದಿನ ಮೂರನೇ ಎರಡು ಭಾಗಕ್ಕೆ ಎರಡು ಬಗೆ ಕಲಸಿ ಗಟ್ಟಿಯಾಗುವ ಸಿಲಿಕೋನ್ ಮೆತ್ತೆ ತುಂಬಿದರು. ಇದನ್ನು ಮೊದಲ ದಿನವೇ ಮಾಡಬಹುದಿತ್ತು.

ಮಾರ್ವಾಡಿಗೆ ಲಾಳ ಹೊಡೆಯಲಿಲ್ಲ. ಲ್ಯಾಮಿನೈಟಿಸ್ ಕಾಲಿಗೆ ಸುತ್ತಿಗೆಯ ಪ್ರತಿ ಏಟೂ ಶಿಕ್ಷೆ. ಬದಲಿಗೆ ಎರಡಂಗುಲ ದಪ್ಪದ ಗಟ್ಟಿ ಫೋಮ್ ಹಲಗೆಯನ್ನು ಗೊರಸಿನ ಆಕಾರಕ್ಕೆ ಕತ್ತರಿಸಿ ಟೇಪಿನಿಂದ ಕಟ್ಟಿದರು. ಫ್ರಿಡ್ಜ್ ಪ್ಯಾಕಿಂಗಿನ ಬಿಳಿ ಥರ್ಮೊಕೋಲ್ ಆಗುವುದಿಲ್ಲ, ಅರ್ಧ ದಿನಕ್ಕೆ ಪುಡಿ. ಛಾವಣಿಯ ಶಾಖ ತಡೆಗೆ ಹಾಕುವ ಎಕ್ಸ್‌ಪಿಎಸ್ ಹಲಗೆ ಬೇಕು. ಒಂದೆರಡು ದಿನದಲ್ಲಿ ಅದು ಗೊರಸಿನ ಅಚ್ಚಿಗೆ ಒತ್ತಿಕೊಳ್ಳುತ್ತದೆ. ಆಗ ಆ ಅಚ್ಚಿನ ಮುಂಭಾಗವನ್ನು ಕತ್ತರಿಸಿ ತೆಗೆದು, ಕೆಳಗೆ ಇನ್ನೊಂದು ಹೊಸ ಹಲಗೆ ಸೇರಿಸಿ ಕಟ್ಟಬೇಕು. ನೋವಿನ ಮುಂಭಾಗಕ್ಕೆ ಭಾರ ತಪ್ಪಿ, ಹಿಂಭಾಗ ಹೊರುತ್ತದೆ. ಅಗ್ಗದ ಕೆಲಸ, ಆದರೆ ನೋವು ಇಳಿಸುವುದರಲ್ಲಿ ಇದನ್ನು ಮೀರಿಸುವುದು ಕಡಿಮೆ. ಲಾಯದಲ್ಲಿ ಮರದ ಹೊಟ್ಟು ಒಂದು ಗೇಣು ದಪ್ಪ, ಬಾಗಿಲಿನವರೆಗೂ. ಮೇವು ತಿನ್ನುವ ಜಾಗದಲ್ಲಿ ಬರೀ ಸಿಮೆಂಟು ಬಿಟ್ಟರೆ ದಿನದ ಅರ್ಧ ಹೊತ್ತು ಅಲ್ಲೇ ನಿಂತಿರುತ್ತದೆ.

ಈಗ ಮೇವು. ಬೇರೆ ಸೇವೆಗಳು ಬಾಯಿಮಾತಲ್ಲಿ ‘ಸ್ವಲ್ಪ ಕಡಿಮೆ ಮಾಡಿ’ ಅಂದು ಹೋಗುವ ಕಡೆ ಇವರು ತಕ್ಕಡಿ ತಂದರು. ಬಕೆಟ್ಟಿನ ಲೆಕ್ಕ ನಂಬಬಾರದು. ಒಂದೇ ಡಬ್ಬಿ ಓಟ್ಸಿಗೂ ಅದೇ ಡಬ್ಬಿ ಹುರುಳಿಗೂ ತೂಕ ಬೇರೆ. ಕುದುರೆಯ ತೂಕಕ್ಕೆ ಟೇಪು ಸಾಕು. ಎದೆಯ ಸುತ್ತಳತೆಯ ವರ್ಗವನ್ನು ಮೈಯ ಉದ್ದದಿಂದ ಗುಣಿಸಿ, 11,880ರಿಂದ ಭಾಗಿಸಿದರೆ ಕಿಲೋ ಬರುತ್ತದೆ, ಅಳತೆ ಸೆಂಟಿಮೀಟರಿನಲ್ಲಿ. 180 ಸುತ್ತು, ಭುಜದ ತುದಿಯಿಂದ ಪೃಷ್ಠದ ಮೂಳೆಯ ತುದಿಗೆ 160 ಉದ್ದ ಅಂದರೆ ಸುಮಾರು 436 ಕಿಲೋ. ದಪ್ಪ ಕುದುರೆಗೆ ದಿನಕ್ಕೆ ಈ ತೂಕದ ಶೇಕಡಾ 1.5ರಷ್ಟು ಒಣ ಮೇವು, ಅಂದರೆ ಆರೂವರೆ ಕಿಲೋ. ಅದಕ್ಕಿಂತ ಇಳಿಸಿ ಉಪವಾಸ ಕೆಡವಿದರೆ ರಕ್ತದಲ್ಲಿ ಕೊಬ್ಬು ಏರಿ ಯಕೃತ್ತಿಗೆ ಕುತ್ತು. ಒಂದೇ ಸಲ ಹಾಕದೆ ನಾಲ್ಕು ಪಾಲು ಮಾಡಿ, ಕಣ್ಣು ಚಿಕ್ಕದಾದ ಬಲೆಯಲ್ಲಿ ಕಟ್ಟಿ.

ಬೆಂಗಳೂರಿನ ಲಾಯದ ಮಾಮೂಲಿ ಊಟ ಅಂದರೆ ಗೋಧಿ ಬೂಸಾ, ಬೇಯಿಸಿದ ಹುರುಳಿ, ಬಾರ್ಲಿ ಅಥವಾ ಓಟ್ಸು, ಒಂದು ಉಂಡೆ ಬೆಲ್ಲ. ಮಾರ್ವಾಡಿಯ ಪಟ್ಟಿಯಿಂದ ಬೆಲ್ಲ, ಬಾರ್ಲಿ, ಓಟ್ಸು, ಬೂಸಾ ನಾಲ್ಕನ್ನೂ ಅದೇ ದಿನ ತೆಗೆಸಿದರು. ಸಕ್ಕರೆ-ಪಿಷ್ಟದ ಲೆಕ್ಕ ಹೀಗೆ: ಲ್ಯಾಮಿನೈಟಿಸ್ ಕುದುರೆಗೆ ಒಟ್ಟು ಮೇವಿನಲ್ಲಿ ಇವೆರಡೂ ಸೇರಿ ಶೇಕಡಾ 10ರಿಂದ 12ರೊಳಗೆ ಇರಬೇಕು. ಹುಲ್ಲಿನ ಸಕ್ಕರೆ ಗೊತ್ತಿಲ್ಲದಿದ್ದರೆ ತಣ್ಣೀರಲ್ಲಿ ಗಂಟೆ ಹೊತ್ತು ನೆನೆಸಿ, ನೀರು ಚೆಲ್ಲಿ, ಕೂಡಲೇ ಕೊಡಿ. ನಮ್ಮ ಏಪ್ರಿಲ್ ಬಿಸಿಲಿಗೆ ನೆನೆದ ಹುಲ್ಲು ಸಂಜೆಗೆ ಹುಳಿ ವಾಸನೆ ಹೊಡೆಯುತ್ತದೆ, ಹಾಗಾದದ್ದನ್ನು ಎಸೆಯಿರಿ. ಆರೋಗ್ಯವಂತ ಕುದುರೆಗೂ ಒಂದು ಊಟಕ್ಕೆ ಮೈತೂಕದ ಪ್ರತಿ ಕಿಲೋಗೆ ಒಂದು ಗ್ರಾಂ ಪಿಷ್ಟ ದಾಟದಿದ್ದರೆ ಕ್ಷೇಮ, ಎರಡು ದಾಟಲೇಬಾರದು. 450 ಕಿಲೋ ಕುದುರೆಗೆ ಒಂದೇ ಹೊತ್ತಿಗೆ ಎರಡು ಕಿಲೋ ಓಟ್ಸ್ ಸುರಿದರೆ ಆ ಮೇಲಿನ ಮಿತಿಯ ಹತ್ತಿರ ಬಂದಿರುತ್ತದೆ. ಸಣ್ಣ ಕರುಳಿನಲ್ಲಿ ಅರಗದೆ ಉಳಿದ ಪಿಷ್ಟ ದೊಡ್ಡ ಕರುಳಿಗೆ ಇಳಿದು ಹುಳಿಯೇಳುತ್ತದೆ. ಕಾಲಿನ ಉರಿ ಒಂದೆರಡು ದಿನ ತಡವಾಗಿ ಬರುವುದರಿಂದ ಯಾರೂ ಆ ಮೂಟೆಯನ್ನು ಅನುಮಾನಿಸುವುದಿಲ್ಲ.

ಬೂಸಾ ಬಗ್ಗೆ ಎರಡು ಮಾತು, ಏಕೆಂದರೆ ಅದನ್ನು ಬಿಡಿಸುವುದೇ ಕಷ್ಟ. ಗೋಧಿ ಬೂಸಾದಲ್ಲಿ ರಂಜಕ ಧಾರಾಳ, ಕ್ಯಾಲ್ಸಿಯಂ ಅದರ ಹತ್ತನೇ ಒಂದು ಪಾಲು ಮಾತ್ರ. ಕುದುರೆಗೆ ಬೇಕಿರುವುದು ತಿರುಗುಮುರುಗು: ರಂಜಕ ಒಂದಿದ್ದರೆ ಕ್ಯಾಲ್ಸಿಯಂ ಒಂದೂವರೆಯಿಂದ ಎರಡು. ತಿಂಗಳುಗಟ್ಟಲೆ ಬೂಸಾ ಸುರಿದರೆ ದೇಹ ಮೂಳೆಯಿಂದ ಕ್ಯಾಲ್ಸಿಯಂ ಎಳೆದುಕೊಳ್ಳುತ್ತದೆ, ಮುಖದ ಮೂಳೆ ಊದುತ್ತದೆ, ಒಂದು ಕಾಲಿನಿಂದ ಇನ್ನೊಂದಕ್ಕೆ ಅಲೆಯುವ ಕುಂಟು ಶುರುವಾಗುತ್ತದೆ. ನೇಪಿಯರ್ ಹಸಿಹುಲ್ಲು ಜೊತೆಗಿದ್ದರೆ ಅದರಲ್ಲಿನ ಆಕ್ಸಲೇಟ್ ಇದ್ದಬದ್ದ ಕ್ಯಾಲ್ಸಿಯಮ್ಮನ್ನೂ ಕಟ್ಟಿಹಾಕುತ್ತದೆ. ಥರೋಬ್ರೆಡ್‌ನ ಪಟ್ಟಿಯಲ್ಲಿ ಬೂಸಾ ಮುಕ್ಕಾಲು ಪಾಲು ಇಳಿಸಿ ದಿನಕ್ಕೆ ಒಂದೂವರೆ ಕಿಲೋ ಒಣ ಕುದುರೆ ಮಸಾಲೆ ಸೊಪ್ಪು (ಲೂಸರ್ನ್) ಸೇರಿಸಿದರು. ಕ್ಯಾಲ್ಸಿಯಂ ಬಂತು, ಒಳ್ಳೇ ಪ್ರೋಟೀನೂ ಬಂತು. ಗೊರಸು ಬೆಳೆಯುವುದೇ ಪ್ರೋಟೀನಿನಿಂದ. ಒಣಹುಲ್ಲಿನಲ್ಲಿ ರಾಗಿ ಹುಲ್ಲನ್ನು ಭತ್ತದ ಹುಲ್ಲಿಗಿಂತ ಮೇಲಿಟ್ಟರು, ಅದೂ ಸರಿ. ಭತ್ತದ ಹುಲ್ಲಿನಲ್ಲಿ ಸಿಲಿಕಾ ಹೆಚ್ಚು, ಪೌಷ್ಟಿಕಾಂಶ ಕಡಿಮೆ.

ಪಟ್ಟಿಯ ಕೆಳಗೆ ಕೆಂಪು ಶಾಯಿಯಲ್ಲಿ ಬರೆದಿದ್ದ ಒಂದು ಸಾಲು ಪ್ರತಿ ಲಾಯದ ಗೋಡೆಯ ಮೇಲಿರಬೇಕು: ಕೋಳಿ ಆಹಾರ, ದನದ ಹಿಂಡಿ ಮಿಶ್ರಣ ಕುದುರೆಗೆ ಹಾಕಬಾರದು. ಕೋಳಿ ಆಹಾರದಲ್ಲಿ ಬೆರೆಸುವ ಮೊನೆನ್ಸಿನ್, ಸಾಲಿನೋಮೈಸಿನ್ ಕುದುರೆಯ ಹೃದಯಕ್ಕೆ ವಿಷ, ಚೂರೇ ಸಾಕು. ಒಂದೇ ಗೋಡೌನಿನಲ್ಲಿ ಎರಡೂ ಮೂಟೆ ಬಿಚ್ಚಿ ಒಂದೇ ಮೊರದಲ್ಲಿ ತೆಗೆಯುವ ಕಡೆ ಅಪಾಯ ಜಾಸ್ತಿ.

ರಕ್ತ ಪರೀಕ್ಷೆಗೆ ಮಾರ್ವಾಡಿಯನ್ನು ಉಪವಾಸ ಇಡದೆ, ಹುಲ್ಲು ಮಾತ್ರ ಕೊಟ್ಟು ಇನ್ಸುಲಿನ್ ನೋಡಿದರು. ಹೀಗೆ ನೋಡಿದಾಗ ಮಿಲಿಲೀಟರಿಗೆ 50 ಮೈಕ್ರೊಯೂನಿಟ್ ದಾಟಿದರೆ ಇನ್ಸುಲಿನ್ ಹತೋಟಿ ತಪ್ಪಿದೆ ಅಂತ. 20ರಿಂದ 50ರ ನಡುವೆ ಇದ್ದರೆ ಅನುಮಾನ, ಸಕ್ಕರೆ ಪಾನಕ ಕುಡಿಸಿ ಮತ್ತೆ ನೋಡಬೇಕು. ರಾತ್ರಿಯಿಡೀ ಉಪವಾಸ ಹಾಕಿ ತೆಗೆದ ರಕ್ತದಲ್ಲಿ ರೋಗವಿದ್ದೂ ಅಂಕಿ ಸಾಧುವಾಗಿ ಬರುತ್ತದೆ. ಹದಿನೈದು ದಾಟಿದ ಕುದುರೆಗೆ, ಅದರಲ್ಲೂ ಕೂದಲು ಉದ್ದವಾಗಿ ಉದುರದೆ ಉಳಿದಿದ್ದರೆ, ಎಸಿಟಿಎಚ್ ಅನ್ನುವ ಹಾರ್ಮೋನಿನ ಪರೀಕ್ಷೆಯನ್ನೂ ಕೇಳಿ. ಮಿದುಳಿನಡಿಯ ಪಿಟ್ಯುಟರಿ ಗ್ರಂಥಿಯ ಕಾಯಿಲೆಗೆ ಪೆರ್ಗೋಲೈಡ್ ಮಾತ್ರೆ ಇದೆ. ಅದು ಗೊತ್ತಾಗದೆ ಗೊರಸು ಮಾತ್ರ ಕತ್ತರಿಸುತ್ತಾ ಹೋದರೆ ಪ್ರತಿ ವರ್ಷ ಅದೇ ಕಥೆ. ಆ ರಕ್ತವನ್ನು ಐಸ್ ಡಬ್ಬಿಯಲ್ಲಿ ಲ್ಯಾಬಿಗೆ ಮುಟ್ಟಿಸಬೇಕು. ಹೆಸರಘಟ್ಟದಿಂದ ಊರೊಳಗಿನ ಟ್ರಾಫಿಕ್ಕಿನಲ್ಲಿ ಬೈಕಿನ ಡಿಕ್ಕಿಯೊಳಗೆ ಬೇಯಿಸಿ ತಂದ ಮಾದರಿಯ ಅಂಕಿಗೆ ಬೆಲೆಯಿಲ್ಲ.

ತುರ್ತಿನ ವಿಷಯದಲ್ಲಿ ಈ ಸೇವೆ ಸೋತಿತು. ಮೊದಲ ಕರೆಗೆ ಬರಲು ನಾಲ್ಕು ದಿನ ಹಿಡಿಯಿತು. ಲ್ಯಾಮಿನೈಟಿಸ್‌ಗೆ ಐಸು ಕೆಲಸ ಮಾಡುವುದು ಶುರುವಿನ ಹೊತ್ತಲ್ಲಿ, ಇನ್ನೂ ಚೆನ್ನಾಗಿ ಮಾಡುವುದು ಶುರುವಾಗುವ ಮುಂಚೆ. ಕುದುರೆ ರಾತ್ರಿ ಮೂಟೆ ಬಿಚ್ಚಿ ಧಾನ್ಯ ತಿಂದಿದ್ದು ಬೆಳಿಗ್ಗೆ ಗೊತ್ತಾದರೆ, ಕುಂಟುವುದನ್ನು ಕಾಯದೆ ಡಾಕ್ಟರಿಗೆ ಫೋನು ಮಾಡಿ, ಐಸಿಗೆ ನಿಲ್ಲಿಸಿ. ಗೊರಸು ಮಾತ್ರ ಅಲ್ಲ, ಮೊಣಕಾಲಿನ ಕೆಳಗಿನವರೆಗೆ ಐಸು ನೀರು. ಗೊರಸಿನ ಉಷ್ಣತೆ 10 ಡಿಗ್ರಿಗಿಂತ ಕೆಳಗಿಳಿದು 48ರಿಂದ 72 ಗಂಟೆ ಅಲ್ಲೇ ನಿಲ್ಲಬೇಕು. ಅರ್ಧ ಗಂಟೆ ಇಟ್ಟು ತೆಗೆಯುವುದು ಸಮಾಧಾನಕ್ಕೆ ಮಾತ್ರ. ಎರಡು ಕಾಲಿಗೆ ಎಷ್ಟು ಐಸು ಬೇಕು ಅನ್ನುವುದು ಮೊದಲ ರಾತ್ರಿಯೇ ಅರ್ಥವಾಗುತ್ತದೆ, ಮನೆಯ ಫ್ರಿಡ್ಜಿನಿಂದ ಆಗುವ ಕೆಲಸವಲ್ಲ. ಮೀನು ಅಂಗಡಿಗಳಿಗೆ ಐಸು ಹಾಕುವವರ ನಂಬರು ಲಾಯದ ಬಾಗಿಲ ಹಿಂದೆ ಬರೆದಿಡಿ.

ನೋವಿನ ಔಷಧ ಕೊಟ್ಟ ರೀತಿಯಲ್ಲಿ ತಕರಾರಿಲ್ಲ. ಫಿನೈಲ್‌ಬ್ಯೂಟಾಜೋನ್ ದಿನಗಳ ಲೆಕ್ಕ ಬರೆದು ಕೊಟ್ಟರು, ಅದರ ಜೊತೆ ಫ್ಲೂನಿಕ್ಸಿನ್ ಸೇರಿಸಬಾರದೆಂದು ಸೈಸ್‌ಗೆ ಎರಡು ಸಲ ಹೇಳಿದರು. ಎರಡೂ ಸೇರಿದರೆ ಹೊಟ್ಟೆಹುಣ್ಣು, ಕರುಳಿನ ಹುಣ್ಣು, ಮೂತ್ರಪಿಂಡಕ್ಕೆ ಪೆಟ್ಟು. ಡೈಕ್ಲೋಫೆನಾಕ್ ಯಾರಾದರೂ ಕೈಗಿಟ್ಟರೆ ಬೇಡ ಅನ್ನಿ. ರಣಹದ್ದುಗಳ ಸಾವಿಗೆ ಕಾರಣವಾದ್ದರಿಂದ ಪ್ರಾಣಿಗಳಿಗೆ ಅದರ ಬಳಕೆ 2006ರಲ್ಲೇ ನಿಷೇಧವಾಗಿದೆ. ಕೀಟೊಪ್ರೊಫೆನ್, ಅಸಿಕ್ಲೋಫೆನಾಕ್ 2023ರಲ್ಲಿ ಸೇರಿಕೊಂಡವು. ರಾಮದೇವರಬೆಟ್ಟದ ರಣಹದ್ದುಗಳು ಇಲ್ಲಿಂದ ಎಷ್ಟು ದೂರ ಹೇಳಿ.

ಇನ್ನು ಮೈಗೆ ಬರೋಣ. ಮುಂಗಾಲು ನೋಯುವ ಕುದುರೆ ಭಾರವನ್ನು ಹಿಂದಕ್ಕೆ ತಳ್ಳಿ ನಿಲ್ಲುತ್ತದೆ. ಕತ್ತಿನ ಬುಡ, ಭುಜದ ಹಿಂಬದಿ, ಸೊಂಟ ಗಟ್ಟಿಯಾಗುತ್ತವೆ. ಸೈಸ್ ಎಣ್ಣೆ ಉಜ್ಜಿದ ಭುಜದಲ್ಲಿ ನೋವು ಇದ್ದದ್ದು ನಿಜ, ಆದರೆ ಅದು ಬಾಡಿಗೆಗೆ ಬಂದ ನೋವು, ಮನೆ ಯಜಮಾನ ಗೊರಸು. ಮಸಾಜಿನವರ ಕೈ ಒಳ್ಳೆಯದು. ಬೆನ್ನಿನ ಮೇಲೆ ಅಂಗೈ ಇಟ್ಟು ಸುಮ್ಮನೆ ಕಾಯುತ್ತಾರೆ, ಸ್ನಾಯು ಅದುರುವುದು ನಿಂತು ಕುದುರೆ ಕೆಳದುಟಿ ಜೋತುಬಿಟ್ಟ ಮೇಲೆ ಒತ್ತುತ್ತಾರೆ. ಥರೋಬ್ರೆಡ್‌ಗೆ ಎರಡನೇ ಭೇಟಿಯಲ್ಲಿ ಇದರಿಂದ ಹೆಜ್ಜೆ ಬಿಚ್ಚಿತು. ಮಾರ್ವಾಡಿಗೆ ಮೊದಲ ದಿನವೇ ಮುಂಗಾಲು ಮುಂದಕ್ಕೆ ಎಳೆದು ಹಿಗ್ಗಿಸಿದ್ದು ತಪ್ಪು. ಒಂದು ಕಾಲು ಎತ್ತಿದರೆ ಇನ್ನೊಂದು ನೋವಿನ ಕಾಲಿಗೆ ಎರಡರ ಭಾರ. ಕುದುರೆ ಬೆವರಿತು, ಆಮೇಲೆ ನಿಲ್ಲಿಸಿದರು. ಲೇಸರ್ ದೀಪ ಹಿಡಿದದ್ದಕ್ಕೆ ಬಿಲ್ಲಿನಲ್ಲಿ ಪ್ರತ್ಯೇಕ ಸಾಲು ಇತ್ತು. ಅದನ್ನು ಬೇಡ ಅಂದರೆ ಕುದುರೆಗೇನೂ ನಷ್ಟವಿಲ್ಲ. ಜೀನಿನ ಕೆಳಗಿನ ಬೆವರಿನ ಗುರುತು ನೋಡಿ, ಎಡಭುಜದ ಹಿಂದೆ ಒಣಗಿದ ತೇಪೆ ಇದೆ, ಅಲ್ಲಿ ಒತ್ತಡ ಹೆಚ್ಚು ಅಂತ ತೋರಿಸಿದ್ದು ಮಾತ್ರ ಬೆಲೆಬಾಳುವ ಮಾತು.

ಟಾನಿಕ್‌ಗಳು. ಮೂರು ಡಬ್ಬಿ, ಮೂರರಲ್ಲೂ ಬಯೋಟಿನ್, ಎರಡರಲ್ಲಿ ಸೆಲೆನಿಯಂ. ಬಯೋಟಿನ್ ದಿನಕ್ಕೆ 20 ಮಿಲಿಗ್ರಾಂ ಬೇಕು, ಫಲ ಕಾಣಲು ಆರರಿಂದ ಒಂಬತ್ತು ತಿಂಗಳು. ಡಬ್ಬಿಯ ಹಿಂದೆ ಸಣ್ಣ ಅಕ್ಷರದಲ್ಲಿ ಬರೆದದ್ದು ಪ್ರತಿ ಚಮಚಕ್ಕೋ ಪ್ರತಿ ಕಿಲೋಗೋ ನೋಡಿಕೊಳ್ಳಿ. ಸೆಲೆನಿಯಂ ಎರಡು ಕಡೆಯಿಂದ ಸೇರಿದರೆ ಕೇಸರ ಉದುರಿ ಗೊರಸು ಅಡ್ಡಕ್ಕೆ ಸೀಳುವಷ್ಟು ವಿಷವಾಗಬಹುದು. ತಾಮ್ರ, ಸತುವು, ಮೀಥಿಯೊನೀನ್, ಬಯೋಟಿನ್ ಇರುವ ಒಂದೇ ಡಬ್ಬಿ ಸಾಕು. ಗೊರಸಿಗೆ ಹಚ್ಚಿ ಅಂತ ಕೊಟ್ಟ ಎಣ್ಣೆಯಿಂದ ಗೊರಸು ಹೊಳೆಯಿತು, ಅಷ್ಟೇ.

ಮಳೆಗಾಲದ ಕಥೆ ಬೇರೆ. ಎರಡನೇ, ಮೂರನೇ ಭೇಟಿಯ ನಡುವೆ ಸೆಪ್ಟೆಂಬರ್ ಮಳೆ ಸುರಿದು ಮೇಯುವ ಜಾಗ ಕೆಂಪು ಕೆಸರಾಯಿತು. ಥರೋಬ್ರೆಡ್‌ನ ಫ್ರಾಗ್ ನಡುವಿನ ಸೀಳು ಬೆರಳು ಹೋಗುವಷ್ಟು ಆಳವಾಯಿತು, ಕಪ್ಪು ಲೋಳೆ, ಮೂಗು ಮುಚ್ಚುವ ವಾಸನೆ: ಥ್ರಷ್. ಫೋನು ಮಾಡಿದರೆ ‘ಮುಂದಿನ ಭೇಟಿಯಲ್ಲಿ ನೋಡ್ತೀವಿ ಸಾರ್’ ಅಂದರು. ಥ್ರಷ್ ಇದ್ದರೆ ಕುದುರೆ ಹಿಮ್ಮಡಿ ಊರುವುದಿಲ್ಲ, ಹಿಮ್ಮಡಿ ಊರದಿದ್ದರೆ ಮೊದಲ ಭೇಟಿಯ ಪೂರ್ತಿ ಕೆಲಸ ತೊಳೆದುಹೋಗುತ್ತದೆ. ಮಾಡಬೇಕಾದ್ದು ಸುಲಭ. ಕೊಕ್ಕೆಯಿಂದ ಕೆದಕಿ, ತೊಳೆದು, ಪೂರ್ತಿ ಒರೆಸಿ ಒಣಗಿಸಿ, ಹತ್ತಿಯನ್ನು ಪೊವಿಡೋನ್ ಅಯೋಡಿನ್ನಿನಲ್ಲಿ ಅದ್ದಿ ಸೀಳಿನೊಳಗೆ ತುರುಕಿ, ದಿನಾ ಬದಲಿಸಿ. ಮೈಲುತುತ್ತ ಹಚ್ಚುವವರು ತೆಳುವಾಗಿ ಕಲಸಿ. ಹರಳು ಹರಳಾಗಿ ಹಾಕಿದರೆ ಹಸಿ ಮಾಂಸ ಸುಡುತ್ತದೆ. ಫಾರ್ಮಲಿನ್ ಬೇಡವೇ ಬೇಡ. ಕಾರಣ ಮಾತ್ರ ಲಾಯದ ನೆಲ: ದಿನಕ್ಕೆರಡು ಸಲ ಒದ್ದೆ ಹೊಟ್ಟು ತೆಗೆಯದಿದ್ದರೆ ಯಾವ ಔಷಧವೂ ನಿಲ್ಲುವುದಿಲ್ಲ.

ಅದೇ ವಾರ ಲಾಯದ ಮೂರನೇ ಕುದುರೆಯೊಂದು ರಾತ್ರೋರಾತ್ರಿ ಮೂರು ಕಾಲಲ್ಲಿ ನಿಂತಿತು. ಇಷ್ಟು ಹಠಾತ್ತಾಗಿ, ಇಷ್ಟು ಜೋರಾಗಿ ಕುಂಟಿದರೆ ಮೂಳೆ ಮುರಿತಕ್ಕಿಂತ ಗೊರಸಿನೊಳಗಿನ ಕೀವಿನ ಸಾಧ್ಯತೆಯೇ ಹೆಚ್ಚು. ಲಾಳದವರು ಬಂದು ಅಂಗಾಲೂ ಗೋಡೆಯೂ ಸೇರುವ ಬಿಳಿ ಗೆರೆಯಲ್ಲಿನ ಕಪ್ಪು ಚುಕ್ಕೆಯನ್ನು ಹಿಂಬಾಲಿಸಿ ಪೆನ್ಸಿಲ್ ತುದಿಯಷ್ಟು ತೂತು ಮಾಡಿದರು, ಬೂದು ಕೀವು ಚಿಮ್ಮಿತು. ತೂತು ಇಷ್ಟೇ ಇರಬೇಕು. ಅಂಗಾಲನ್ನು ಬಾವಿ ತೋಡಿದರೆ ಒಳಗಿನ ಮಾಂಸ ಉಬ್ಬಿ ಹೊರಗೆ ಬಂದು ತಿಂಗಳುಗಟ್ಟಲೆ ಎಳೆಯುತ್ತದೆ. ಉಗುರುಬಿಸಿ ನೀರಿಗೆ ಎಪ್ಸಮ್ ಉಪ್ಪು ಹಾಕಿ ಇಪ್ಪತ್ತು ನಿಮಿಷ, ನಂತರ ಮಗುವಿನ ಡೈಪರ್, ಅದರ ಮೇಲೆ ಬಟ್ಟೆಪಟ್ಟಿ, ಅದರ ಮೇಲೆ ಡಕ್ಟ್ ಟೇಪು. ಟೇಪು ಕೂದಲಿನ ಗೆರೆ ದಾಟಿ ಮೇಲೆ ಬಿಗಿಯಬಾರದು. ಟೆಟನಸ್ ಚುಚ್ಚುಮದ್ದು ಬಾಕಿ ಇದ್ದರೆ ಅದೇ ದಿನ.

ದರ ಬರೆದಿಲ್ಲ. ಎಷ್ಟು ಕುದುರೆ, ಎಷ್ಟು ದೂರ, ಎಷ್ಟು ಎಕ್ಸ್‌ರೇ ಅನ್ನುವುದರ ಮೇಲೆ ಅದು ಬದಲಾಗುತ್ತದೆ. ಆದರೆ ಬಿಲ್ಲನ್ನು ಬಿಡಿಸಿ ಕೊಡಿ ಅಂತ ಕೇಳಿ: ಎಕ್ಸ್‌ರೇ, ಗೊರಸು ಕತ್ತರಿ, ಲಾಳ, ರಕ್ತ ಪರೀಕ್ಷೆ, ಮಸಾಜು, ಲೇಸರು, ಟಾನಿಕ್, ಪ್ರಯಾಣ. ಇದರಲ್ಲಿ ಲೇಸರನ್ನೂ ಟಾನಿಕ್ಕನ್ನೂ ಕಳೆದು ಉಳಿದದ್ದಕ್ಕೆ ಕೊಡಿ. ಎಕ್ಸ್‌ರೇ ಕಡತ ನಿಮ್ಮ ಕೈಗೆ ಬರಬೇಕು. ಇವರು ವಾಟ್ಸಾಪ್‌ನಲ್ಲಿ ಮಸುಕು ಫೋಟೋ ಕಳಿಸಿ ಸುಮ್ಮನಾದರು, ಮೂರು ಸಲ ಕೇಳಿದ ಮೇಲೆ ಮೂಲ ಕಡತ ಬಂತು. ಭೇಟಿಯ ಅಂತರವನ್ನೂ ಚೌಕಾಸಿ ಮಾಡಿ. ಇಂಥ ಕಾಲುಗಳಿಗೆ ಆರು ವಾರ ಉದ್ದವಾಯಿತು, ನಾಲ್ಕರಿಂದ ಐದು ಇರಬೇಕು. ಕುದುರೆ ನಿನ್ನೆ ರಾತ್ರಿ ಕುಂಟಲು ಶುರುಮಾಡಿದ್ದರೆ ಈ ಪ್ಯಾಕೇಜಿಗೆ ಕಾಯಬೇಡಿ, ಹತ್ತಿರದ ಪಶುವೈದ್ಯರನ್ನು ಕರೆಸಿ ಅಥವಾ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನ ಆಸ್ಪತ್ರೆಗೆ ಫೋನು ಮಾಡಿ. ತಿಂಗಳುಗಳಿಂದ ಹೆಜ್ಜೆ ಗಿಡ್ಡವಾಗಿದ್ದು, ಒಬ್ಬರು ಭುಜ ಅನ್ನುತ್ತಾ ಇನ್ನೊಬ್ಬರು ಬೆನ್ನು ಅನ್ನುತ್ತಾ ಇದ್ದರೆ ಮಾತ್ರ ಇವರು ಸರಿ.

ಮೂರನೇ ಭೇಟಿಯ ದಿನ ಥರೋಬ್ರೆಡ್‌ನ ಅಂಗಾಲು 8ರಿಂದ 12 ಮಿಲಿಮೀಟರಿಗೆ ಬಂದಿತ್ತು. ಮಾರ್ವಾಡಿಯ ಗೊರಸಿನಲ್ಲಿ ಕೂದಲಿನ ಗೆರೆಯ ಕೆಳಗೆ ಎರಡು ಬೆರಳಗಲದಷ್ಟಕ್ಕಿಂತ ತುಸು ಕಡಿಮೆ ಹೊಸ ಗೋಡೆ ಇಳಿದಿದೆ, ನುಣುಪಾಗಿ, ಹಳೆಯದಕ್ಕಿಂತ ನೆಟ್ಟಗೆ. ಅದರ ಕೆಳಗೆ ಒಂದು ಉಬ್ಬು ಉಂಗುರ, ಆಮೇಲೆ ಹಿಗ್ಗಿದ ಹಳೇ ಗೊರಸು. ತಿಂಗಳಿಗೆ 8 ಮಿಲಿಮೀಟರಿನ ಲೆಕ್ಕದಲ್ಲಿ ಆ ಉಂಗುರ ನೆಲ ಮುಟ್ಟುವಷ್ಟರಲ್ಲಿ ಯುಗಾದಿ ಕಳೆದಿರುತ್ತದೆ. ಅಲ್ಲಿಯವರೆಗೆ ಹಬ್ಬಕ್ಕೂ ಬೆಲ್ಲ ಇಲ್ಲ ಅಂತ ಸೈಸ್‌ಗೆ ಹೇಳಿ ಹೋಗಿದ್ದಾರೆ.